ಬಾಯಿ ಬಿಟ್ಟ ಶೂಗೆ ಯಾವ ಅಂಟು?

ಶಾಲೆ ತೆರೆಯಲು ಇನ್ನು ಒಂದೇ ವಾರ ಉಳಿದಿತ್ತು. ಕಪಾಟಿನ ತಳದಿಂದ ಮಗನ ಕಪ್ಪು ಶೂ ಎಳೆದು ನೋಡಿದರೆ ಬಲಗಾಲಿನದು ಹೆಬ್ಬೆರಳಿನ ಕಡೆ ಬಾಯಿ ಬಿಟ್ಟಿತ್ತು. ಹೋದ ವರ್ಷ ಬೆಳೆಯುವ ಕಾಲು ಎಂದು ಒಂದು ಅಳತೆ ದೊಡ್ಡದನ್ನೇ ತಂದಿದ್ದರಿಂದ ಈಗ ಸರಿಯಾಗಿ ಕೂರುತ್ತದೆ. ಮೇಲ್ಭಾಗ ಎಲ್ಲೂ ಹರಿದಿಲ್ಲ, ಅಟ್ಟೆಯ ಗೆರೆಗಳೂ ಸವೆದಿಲ್ಲ. ಇಂಥದ್ದನ್ನು ಎಸೆಯಲು ನನಗೆ ಕೈ ಬರುವುದಿಲ್ಲ. ಅದೇ ಕಪಾಟಿನಲ್ಲಿ ನನ್ನ ಚಾರಣದ ಶೂ ಇತ್ತು. ಜನವರಿಯಲ್ಲಿ ಕೊಡಚಾದ್ರಿ ಇಳಿಯುವಾಗ ಎಡಗಾಲಿನ ಅಟ್ಟೆ ಹಿಮ್ಮಡಿಯಿಂದ ಕಳಚಿಕೊಂಡು, ಉಳಿದ ದಾರಿಯನ್ನು ಲೇಸಿನಿಂದ ಬಿಗಿದು ಕಟ್ಟಿಕೊಂಡೇ ಇಳಿದಿದ್ದೆ. ಮೂರನೆಯದು ಮದುವೆ ಮುಂಜಿಗೆಂದು ಡಬ್ಬದಲ್ಲೇ ಕಾಪಾಡಿಕೊಂಡು ಬಂದ ಕಂದು ಬಣ್ಣದ ಜೊತೆ. ಮೂರನ್ನೂ ಜಗಲಿಗೆ ತಂದು, ಹಳೆಯ ಪತ್ರಿಕೆ ಹಾಸಿ ಸಾಲಾಗಿ ಇಟ್ಟೆ. ನಮ್ಮ ಸಾಗರದಲ್ಲಿ ಜೂನ್ ಹೊಕ್ಕರೆ ಒಗೆದ ಟವೆಲ್ಲೇ ಮೂರು ದಿನ ಒಣಗುವುದಿಲ್ಲ. ಅಂಟಿನ ಕೆಲಸ ಏನಿದ್ದರೂ ಮಳೆ ಹಿಡಿಯುವ ಮೊದಲು ಮುಗಿಯಬೇಕು.

ಮಗನ ಶೂ ಬಾಯಿ ಬಿಡುತ್ತಿರುವುದು ಇದು ಮೂರನೆಯ ಸಲ. ಮೊದಲ ಸಲ, ದಸರಾ ರಜೆಯ ಹೊತ್ತಿಗೆ, ಅಂಗಡಿಯಲ್ಲಿ ಸಿಗುವ ಪುಟ್ಟ ಟ್ಯೂಬಿನ ತತ್‌ಕ್ಷಣದ ಅಂಟನ್ನು ಹಾಕಿದ್ದೆ. ಹಾಕಿದ ಅರ್ಧ ನಿಮಿಷಕ್ಕೆ ಕಲ್ಲಿನಂತೆ ಹಿಡಿಯಿತು. ಒಂಬತ್ತನೆಯ ದಿನ ಬಿಟ್ಟಿತು. ಎರಡನೆಯ ಸಲ, ಡಿಸೆಂಬರಿನಲ್ಲಿ, ಚಮ್ಮಾರರು ಬಳಸುವ ಹಳದಿ ಬಣ್ಣದ ರಬ್ಬರ್ ಅಂಟು ಹಚ್ಚಿದೆ. ಅದು ಎರಡು ತಿಂಗಳು ಚೆನ್ನಾಗಿಯೇ ನಿಂತು, ಫೆಬ್ರವರಿಯ ಬಿಸಿಲಿಗೆ ನಿಧಾನವಾಗಿ ಜಾರತೊಡಗಿತು. ಎರಡು ಸಲವೂ ನಾನು ಅಂಗಡಿಯವನನ್ನು ಕೇಳಿದ ಪ್ರಶ್ನೆ ಒಂದೇ: "ಗಟ್ಟಿಯಾದ ಅಂಟು ಯಾವುದಿದೆ?" ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ಈ ಸಲ ಶೂವನ್ನು ಪೂರ್ತಿ ಬಿಡಿಸಿ ಕುಳಿತಾಗ ಗೊತ್ತಾಯಿತು.

ಬಿಟ್ಟುಹೋದ ಜಾಗವನ್ನು ಬೆಳಕಿಗೆ ಹಿಡಿದು, ಹಳೆಯ ಅಂಟು ಯಾವ ಕಡೆ ಉಳಿದಿದೆ ಎಂದು ನೋಡಬೇಕು. ಅಂಟೆಲ್ಲ ಮೇಲ್ಭಾಗಕ್ಕೆ ಕಚ್ಚಿಕೊಂಡು, ಅಟ್ಟೆಯ ಕಡೆ ನುಣ್ಣಗೆ ಖಾಲಿಯಾಗಿದ್ದರೆ ಅಂಟು ಅಟ್ಟೆಯನ್ನು ಹಿಡಿದೇ ಇರಲಿಲ್ಲ ಎಂದರ್ಥ. ಅಲ್ಲಿ ಕೊಳೆ ಇತ್ತು, ಅಥವಾ ಉಜ್ಜಿರಲಿಲ್ಲ, ಅಥವಾ ಆ ವಸ್ತುವಿಗೆ ಆ ಅಂಟು ಹೊಂದುವುದಿಲ್ಲ. ಎರಡೂ ಕಡೆ ಅಂಟಿನ ಪದರ ಉಳಿದಿದ್ದರೆ ಅಂಟೇ ನಡುವೆ ಹರಿದಿದೆ: ಹಳತಾಗಿದೆ, ಇಲ್ಲವೇ ಮೆತ್ತಗಾಗಿದೆ. ಅಂಟಿನ ಜೊತೆ ಅಟ್ಟೆಯದೇ ಚೂರು ಕಿತ್ತು ಬಂದಿದ್ದರೆ ಅಂಟಿನದು ತಪ್ಪಿಲ್ಲ; ವಸ್ತುವೇ ಸೋತಿದೆ. ನನ್ನ ಮುಂದಿದ್ದ ಮೂರು ಜೊತೆಗಳಲ್ಲಿ ಈ ಮೂರೂ ಬಗೆ ಒಂದೊಂದರಂತೆ ಸಿಕ್ಕವು.

ಮಗನ ಶೂನಲ್ಲಿ ಎರಡೂ ಕಡೆ ಅಂಟು ಇತ್ತು. ಬೆರಳಿನಿಂದ ಮುಟ್ಟಿದರೆ ಎಳೆ ಎಳೆಯಾಗಿ ಜಗ್ಗಿತು, ಥೇಟ್ ಹಲಸಿನ ಮೇಣದ ಹಾಗೆ. ಒಣಗಿ ಐದು ತಿಂಗಳಾದ ಅಂಟು ಹೀಗೆ ಜಗ್ಗಬಾರದು. ಚಾರಣದ ಶೂನಲ್ಲಿ ಅಂಟು ಪೂರ್ತಿ ಬಿಳಿಯ ಫೋಮ್ ಪದರದ ಕಡೆ ಉಳಿದು, ಕಪ್ಪು ರಬ್ಬರ್ ಅಟ್ಟೆ ಹೊಸದರಂತೆ ಹೊಳೆಯುತ್ತಿತ್ತು. ಕಂದು ಶೂ ಕೈಗೆತ್ತಿಕೊಂಡಾಗ ಅಟ್ಟೆಯ ಅಂಚೇ ರಸ್ಕಿನ ಪುಡಿಯಂತೆ ಪತ್ರಿಕೆಯ ಮೇಲೆ ಉದುರಿತು.

ಇನ್ನು ಅಟ್ಟೆ ಯಾವ ವಸ್ತುವಿನದು ಎಂಬುದು ತಿಳಿಯಬೇಕಿತ್ತು. ಹಿಮ್ಮಡಿಯ ಒಳ ಅಂಚಿನಿಂದ ಬ್ಲೇಡಿನಲ್ಲಿ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ ನೀರು ತುಂಬಿದ ಲೋಟಕ್ಕೆ ಹಾಕಿದೆ. ಚಾರಣದ ಶೂನ ಬಿಳಿಯ ಫೋಮ್ ಬೆಂಡಿನಂತೆ ತೇಲಿತು. ಅದು ಇವಿಎ, ಓಟದ ಶೂಗಳಲ್ಲಿ ಪಾದದ ಕೆಳಗೆ ಮೆತ್ತೆಯಾಗಿ ಇರುವ ವಸ್ತು. ಅದರ ಕೆಳಗಿನ ಕಪ್ಪು ಪದರ ಮುಳುಗಿತು. ಅದು ರಬ್ಬರ್ ಎಂಬುದರಲ್ಲಿ ಅನುಮಾನವಿರಲಿಲ್ಲ: ಬಾಗಿಸಿ ಬಿಟ್ಟರೆ ಪುಟಿದು ಹಿಂದಕ್ಕೆ ಬರುತ್ತಿತ್ತು. ಮಗನ ಶೂನ ಚೂರೂ ಮುಳುಗಿತು, ಆದರೆ ಅದರಲ್ಲಿ ಆ ಪುಟಿತ ಇರಲಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ ಕೂರುವ ಚಮ್ಮಾರರಿಗೆ ಅದನ್ನು ತೋರಿಸಿದೆ. ಅವರು ಅಟ್ಟೆಯನ್ನು ಒಂದೇ ಸಲ ಬಾಗಿಸಿ, ಉಗುರಿನಿಂದ ಗೀರಿ ನೋಡಿದರು.

"ಇದು ಪಿವಿಸಿ ಮೇಷ್ಟ್ರೇ. ಇದಕ್ಕೆ ನಮ್ಮ ಸಲ್ಯೂಷನ್ ನಿಲ್ಲುವುದಿಲ್ಲ. ಸುತ್ತಲೂ ಹೊಲಿಗೆ ಹಾಕಿಕೊಡುತ್ತೇನೆ."

"ಹೊಲಿದರೆ ಮಳೆಗಾಲದಲ್ಲಿ ತೂತಿನಿಂದ ನೀರು ಒಳಗೆ ಬರುವುದಿಲ್ಲವೇ ಅಣ್ಣ?"

"ಬರುತ್ತದೆ. ಹಾಗಂತ ಶೂ ಬಾಯಿ ಬಿಟ್ಟುಕೊಂಡರೆ ಇನ್ನೂ ಹೆಚ್ಚು ಬರುತ್ತದಲ್ಲ?"

ಅವರ ಮಾತು ನಿಜ. ಆದರೆ ಹೊಲಿಗೆಯನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡು, ಪಿವಿಸಿಗೆ ನಿಲ್ಲುವ ಅಂಟು ಯಾವುದು ಎಂದು ಕೇಳಿದೆ. ಶೂ ತಯಾರಿಸುವವರು ಪಿಯು ಅಂಟು ಬಳಸುತ್ತಾರೆ, ಶಿವಮೊಗ್ಗದಲ್ಲಿ ಚರ್ಮ ಮತ್ತು ರೆಕ್ಸಿನ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ ಎಂದರು.

ಹಳದಿ ಅಂಟು ಏಕೆ ಮೇಣವಾಯಿತು ಎಂಬುದು ಹಲಸಿನ ಹಣ್ಣು ಬಿಡಿಸುವ ಮನೆಯಲ್ಲಿ ಯಾರಿಗಾದರೂ ಸುಲಭವಾಗಿ ಅರ್ಥವಾಗುತ್ತದೆ. ಹಣ್ಣು ಕೊಯ್ಯುವ ಮೊದಲು ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರುತ್ತೇವೆ; ಎಣ್ಣೆ ಇದ್ದಲ್ಲಿ ಮೇಣ ಹಿಡಿಯುವುದಿಲ್ಲ. ಪಿವಿಸಿ ತನ್ನಷ್ಟಕ್ಕೆ ನೀರಿನ ಪೈಪಿನಂತೆ ಗಡುಸು. ಅದನ್ನು ಶೂ ಅಟ್ಟೆಯಷ್ಟು ಮೃದು ಮಾಡಲು ಎಣ್ಣೆಯಂತಹ ದ್ರವವೊಂದನ್ನು ಬೆರೆಸಿರುತ್ತಾರೆ. ಆ ದ್ರವ ಒಳಗೇ ಕುಳಿತಿರುವುದಿಲ್ಲ, ನಿಧಾನವಾಗಿ ಮೇಲ್ಮೈಗೆ ಬಂದು ಪಕ್ಕದ ಪದರಕ್ಕೆ ಇಳಿಯುತ್ತದೆ. ಹಳದಿ ಅಂಟಿನ ಜೀವಾಳ ನಿಯೋಪ್ರೀನ್ ಎಂಬ ಕೃತಕ ರಬ್ಬರ್. ಅದು ಈ ಎಣ್ಣೆಯನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಮೊದಲ ದಿನ ಎಷ್ಟೇ ಗಟ್ಟಿಯಾಗಿ ಕಂಡರೂ, ಅಟ್ಟೆಯೇ ತಿಂಗಳುಗಟ್ಟಲೆ ಅದಕ್ಕೆ ಎಣ್ಣೆ ಸವರುತ್ತಿರುತ್ತದೆ. ಪಾಲಿಯುರೆಥೇನ್ ಅಂಟು, ಅಂದರೆ ಪಿಯು, ಈ ಎಣ್ಣೆಗೆ ಸುಲಭವಾಗಿ ಮಣಿಯುವುದಿಲ್ಲ. ಹೀಗಾಗಿಯೇ ಪಿವಿಸಿ ಅಟ್ಟೆಗೆ ಅದು ಬೇಕು. ಅಂದಹಾಗೆ ಶಾಲೆಯ ಕಪ್ಪು ಶೂಗಳಲ್ಲಿ ಎಷ್ಟೋ ಜೊತೆಗಳಿಗೆ ತಯಾರಾಗುವಾಗ ಅಂಟೇ ಇರುವುದಿಲ್ಲ. ಅಚ್ಚಿನೊಳಗೆ ಮೇಲ್ಭಾಗವನ್ನು ಕೂರಿಸಿ, ಕರಗಿದ ಪಿವಿಸಿಯನ್ನು ನೇರವಾಗಿ ಅದಕ್ಕೆ ಒತ್ತಿ ತುಂಬುತ್ತಾರೆ.

ಶಿವಮೊಗ್ಗಕ್ಕೆ ಹೋಗುವುದು ಶನಿವಾರ. ಅಷ್ಟರಲ್ಲಿ ಚಾರಣದ ಶೂ ಕೆಲಸ ಮುಗಿಸೋಣ ಎಂದು ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಫೆವಿಕಾಲ್ ಎಂದ ಕೂಡಲೇ ಹುಡುಗ ಬಿಳಿಯ ಡಬ್ಬಿ ತಂದಿಟ್ಟ. ಬಿಳಿಯದು ಮರಗೆಲಸದ್ದು, ನೀರಿನಲ್ಲಿ ಕಲಸಿದ ಅಂಟು, ನೀರು ಮರದೊಳಗೆ ಇಂಗಿದರೆ ಮಾತ್ರ ಗಟ್ಟಿಯಾಗುತ್ತದೆ. ರಬ್ಬರ್ ನೀರು ಹೀರುವುದಿಲ್ಲ, ಮೇಲಾಗಿ ಒಣಗಿದ ಮೇಲೂ ಅದು ತೇವ ತಾಳುವುದಿಲ್ಲ. ಅದೇ ಹೆಸರಿನಲ್ಲಿ ಎಸ್‌ಆರ್ ಎಂದು ಬರೆದ ಡಬ್ಬಿ ಬೇರೆ ಇದೆ. ಎಸ್‌ಆರ್ ಎಂದರೆ ಸಿಂಥೆಟಿಕ್ ರಬ್ಬರ್. ರೆಕ್ಸಿನ್, ಚರ್ಮ, ಫೋಮ್, ರಬ್ಬರ್ ಇವಕ್ಕೆಲ್ಲ ಬೇಕಾದದ್ದು ಅದು. ಚಮ್ಮಾರರ ಬಾಯಲ್ಲಿ ಸಲ್ಯೂಷನ್ ಎನ್ನಿಸಿಕೊಳ್ಳುವುದೂ ಇದೇ ಕುಲದ್ದು. ಡಬ್ಬಿಯ ಹೆಸರಿಗಿಂತ ಈ ಎರಡು ಅಕ್ಷರಗಳನ್ನು ಹುಡುಕಿ ಕೊಳ್ಳಬೇಕು.

ಅಲ್ಲಿ ನಿಂತಿದ್ದ ಪರಿಚಯದವರೊಬ್ಬರು ಸೈಕಲ್ ಪಂಕ್ಚರ್ ಸಲ್ಯೂಷನ್ ಸಾಕು ಎಂದರು. ಅದು ರಬ್ಬರ್ ಟ್ಯೂಬಿಗೆ ರಬ್ಬರ್ ತೇಪೆ ಹಾಕಲು ಮಾಡಿದ್ದು. ನನ್ನ ಶೂನಲ್ಲಿ ಒಂದು ಕಡೆ ಇವಿಎ ಇದೆ. ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟಿನ ಬಗ್ಗೆಯೂ ಮಾತು ಬಂತು. ಅದರ ಬಲದ ಬಗ್ಗೆ ನನಗೆ ಗೌರವವಿದೆ, ಆದರೆ ಒಣಗಿದ ಮೇಲೆ ಅದು ಗಾಜಿನಷ್ಟು ಗಡುಸು. ಹೆಜ್ಜೆ ಹೆಜ್ಜೆಗೂ ಬಾಗುವ ಅಟ್ಟೆಯ ನಡುವೆ ಬಾಗದ ಪದರವೊಂದನ್ನು ಕೂರಿಸಿದರೆ ಅದು ಬಿರುಕು ಬಿಡಲೇಬೇಕು. ಮೊದಲ ಸಲ ಹಾಕಿದ ತತ್‌ಕ್ಷಣದ ಅಂಟು ಸೋತದ್ದೂ ಇದೇ ಕಾರಣಕ್ಕೆ. ಸೈನೊಅಕ್ರಿಲೇಟ್ ಎಂಬ ಆ ವಸ್ತು ಗಾಳಿಯ ತೇವವನ್ನೇ ಬಳಸಿಕೊಂಡು ಕ್ಷಣದಲ್ಲಿ ಗಟ್ಟಿಯಾಗುತ್ತದೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗನ್ನಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬದಿಗಿಟ್ಟಿದ್ದರು. 1958ರಲ್ಲಷ್ಟೇ ಅಂಟಾಗಿ ಮಾರುಕಟ್ಟೆಗೆ ಬಂತು. ನೇರವಾಗಿ ಎಳೆದರೆ ಬಿಡುವುದೇ ಇಲ್ಲ. ಆದರೆ ಅಂಚಿನಿಂದ ಸಿಪ್ಪೆ ಸುಲಿದಂತೆ ಎಬ್ಬಿಸಿದರೆ ಚಟ್ ಎಂದು ಬಿಡುತ್ತದೆ, ಶೂನ ಮುಂತುದಿಯಲ್ಲಿ ಪ್ರತಿ ಹೆಜ್ಜೆಗೂ ಆಗುವುದು ಇಂತಹ ಸುಲಿತವೇ. ಬಾಗದ ಜಾಗಕ್ಕೆ, ಉದಾಹರಣೆಗೆ ಗಟ್ಟಿ ಹಿಮ್ಮಡಿಯ ಬಿಲ್ಲೆಗೆ, ಅದು ಆಗಬಹುದು. ಹಚ್ಚುವಾಗ ಹತ್ತಿಯ ಬಟ್ಟೆಯಿಂದ ಒರೆಸಬೇಡಿ: ಹತ್ತಿಗೆ ತಗುಲಿದರೆ ಆ ಅಂಟು ವಿಪರೀತ ಬಿಸಿಯಾಗಿ ಹೊಗೆ ಬರುವುದುಂಟು, ಬೆರಳು ಸುಟ್ಟೀತು.

ಚಾರಣದ ಶೂ ಕೆಲಸ ಗುರುವಾರ ಸಂಜೆ ಶುರು ಮಾಡಿದೆ. ಅಟ್ಟೆಯನ್ನು ಪೂರ್ತಿ ಕಿತ್ತು, ಫೋಮಿನ ಮೇಲಿದ್ದ ಹಳೆಯ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿದರೆ ರಬ್ಬರಿನಿಂದ ಪೆನ್ಸಿಲ್ ಅಳಿಸಿದಾಗ ಉದುರುವಂತಹ ಸುರುಳಿಗಳಾಗಿ ಬಂತು. ಉಳಿದದ್ದನ್ನು 80 ನಂಬರಿನ ಸ್ಯಾಂಡ್ ಪೇಪರ್ ತೆಗೆಯಿತು. ಕಪ್ಪು ರಬ್ಬರ್ ಅಟ್ಟೆಯ ಮೇಲೆ ಹೆಚ್ಚು ಹೊತ್ತು ಕಳೆದೆ, ಏಕೆಂದರೆ ಅಂಟು ಬಿಟ್ಟಿದ್ದು ಆ ಕಡೆಯಿಂದ. ಅಚ್ಚಿನಿಂದ ಅಟ್ಟೆ ಸಲೀಸಾಗಿ ಹೊರಬರಲೆಂದು ಸವರಿದ ಜಾರು ಪದಾರ್ಥ ಹೊಸ ರಬ್ಬರಿನ ಮೇಲೆ ಉಳಿದಿರುತ್ತದೆ. ಕಾರ್ಖಾನೆಯಲ್ಲಿ ರಬ್ಬರಿಗೆ ಕ್ಲೋರಿನ್ ಇರುವ ಒಂದು ದ್ರವವನ್ನು ಮೊದಲು ಹಚ್ಚಿ ಅದನ್ನು ಅಂಟಿಗೆ ಹದಗೊಳಿಸುತ್ತಾರೆ, ಇವಿಎಗೆ ಬೇರೆಯದೇ ಪ್ರೈಮರ್ ಇದೆ. ಮನೆಯಲ್ಲಿ ನಮಗಿರುವುದು ರಟ್ಟೆ ಮಾತ್ರ. ಹೊಳಪು ಪೂರ್ತಿ ಹೋಗಿ, ಮೇಲ್ಮೈ ಬೂದುಬಣ್ಣದ ಮಖಮಲ್ಲಿನಂತೆ ಕಾಣುವವರೆಗೆ ಉಜ್ಜಬೇಕು. ಉಜ್ಜಿದ ಪುಡಿಯನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕೊಡವಿ, ಸ್ಪಿರಿಟ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಬೇಕು; ನನಗೆ ಐದು ಸಲ ಬೇಕಾಯಿತು.

ಎರಡೂ ಕಡೆ ತೆಳುವಾಗಿ ಎಸ್‌ಆರ್ ಅಂಟು ಬಳಿದು ಕಾಯುತ್ತಾ ಕೂತೆ. ಆ ಹೊತ್ತಿಗೆ ಸರಿಯಾಗಿ, ವಾರ ಮೊದಲೇ, ಮಳೆ ಬಂತು. ಹೆಂಚಿನಿಂದ ನೀರು ಸುರಿಯತೊಡಗಿ ಜಗಲಿಯೆಲ್ಲ ತಣ್ಣಗಾಯಿತು. ಹತ್ತು ನಿಮಿಷ ಬಿಟ್ಟು ನೋಡಿದರೆ ಅಂಟಿನ ಮೇಲೆ ಬಾಯಿಯ ಹಬೆ ತಗುಲಿದ ಕನ್ನಡಿಯ ಹಾಗೆ ಬಿಳಿಯ ಮಬ್ಬು ಕವಿದಿತ್ತು. ಇರಲಿ ಎಂದು ಒತ್ತಿ ಕಟ್ಟಿಟ್ಟೆ. ಮರುದಿನ ಬೆಳಿಗ್ಗೆ ಹಿಮ್ಮಡಿಯ ಅಂಚನ್ನು ಎಳೆದರೆ ಅರ್ಧ ಅಟ್ಟೆ ಸದ್ದಿಲ್ಲದೆ ಕೈಗೆ ಬಂತು.

ಆದದ್ದು ಇಷ್ಟು. ಅಂಟಿನಲ್ಲಿರುವ ದ್ರಾವಕ ಆರುವಾಗ ತನ್ನ ಜೊತೆ ಶಾಖವನ್ನೂ ಒಯ್ಯುತ್ತದೆ. ಕೈಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುವುದು ಹಾಗೆಯೇ. ಮೇಲ್ಮೈ ಸುತ್ತಲಿನ ಗಾಳಿಗಿಂತ ತಣ್ಣಗಾದರೆ ಮಳೆಗಾಲದ ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಆ ಇಬ್ಬನಿಯೇ ಬಿಳಿಯ ಮಬ್ಬು. ಅಂಟಿಗೂ ಅಂಟಿಗೂ ನಡುವೆ ನೀರಿನ ಹಾಳೆಯೊಂದನ್ನು ಇಟ್ಟು ನಾನು ಒತ್ತಿದ್ದೆ.

ಶುಕ್ರವಾರ ಮತ್ತೆ ಉಜ್ಜಿ, ಒರೆಸಿ, ಈ ಸಲ ಅಟ್ಟೆ ಮತ್ತು ಶೂ ಎರಡನ್ನೂ ಬಚ್ಚಲ ಒಲೆಯಿಂದ ಒಂದು ಮಾರು ದೂರದಲ್ಲಿ ಅರ್ಧ ಗಂಟೆ ಇಟ್ಟು ಬೆಚ್ಚಗಾಗಿಸಿದೆ. ಅದಕ್ಕಿಂತ ಹತ್ತಿರ ಇಟ್ಟರೆ ಇವಿಎ ಮುದುಡುತ್ತದೆ. ಬೆಚ್ಚಗಾದ ಮೇಲೆ ಒಲೆಯಿಂದ ದೂರ, ಕಿಟಕಿಗಳೆಲ್ಲ ತೆರೆದ ಮುಂದಿನ ಕೋಣೆಗೆ ತಂದು ಅಂಟು ಹಚ್ಚಿದೆ. ಇದನ್ನು ಒತ್ತಿ ಹೇಳಬೇಕು: ಡಬ್ಬಿಯ ಮುಚ್ಚಳ ತೆಗೆದಲ್ಲಿಂದ ಅಂಟು ಆರುವವರೆಗೆ ಅದರ ಆವಿ ಬೆಂಕಿಯನ್ನು ಹಿಡಿಯುತ್ತದೆ. ಒಲೆ, ದೀಪ, ಊದುಬತ್ತಿ ಯಾವುದೂ ಆ ಕೋಣೆಯಲ್ಲಿ ಇರಬಾರದು. ಆವಿ ತಲೆಗೂ ಒಳ್ಳೆಯದಲ್ಲ, ಮಕ್ಕಳು ಪಕ್ಕದಲ್ಲಿ ಕುಳಿತು ನೋಡುವ ಕೆಲಸ ಇದಲ್ಲ. ಮಗನನ್ನು ಅಜ್ಜಿಯ ಜೊತೆ ಹಿತ್ತಿಲಿಗೆ ಕಳುಹಿಸಿದ್ದೆ.

ರಟ್ಟಿನ ತುಂಡಿನಿಂದ ಎಳೆದ ಮೊದಲ ಪದರವನ್ನು ಇವಿಎ ಸ್ವಲ್ಪ ಕುಡಿಯಿತು, ಹಾಗಾಗಿ ಆ ಕಡೆಗೆ ಇನ್ನೊಂದು ಪದರ. ಹದಿನೈದು ನಿಮಿಷ ಕಳೆದ ಮೇಲೆ ಬೆರಳ ಗೆಣ್ಣಿನಿಂದ ಮುಟ್ಟಿದರೆ ಜಿಗುಟು ಗೊತ್ತಾಗಬೇಕು, ಆದರೆ ಎಳೆ ಬರಬಾರದು. ಹದ ಬಂತು ಎಂದರೆ ಅದು. ಹೆಚ್ಚಿನವರು ಸೋಲುವುದು ಇಲ್ಲಿ. ಹಸಿ ಇರುವಾಗಲೇ ಒತ್ತಿಬಿಡುತ್ತಾರೆ, ದ್ರಾವಕ ಒಳಗೇ ಸಿಕ್ಕಿಕೊಂಡು ದಿನಗಟ್ಟಲೆ ಒಣಗುವುದಿಲ್ಲ. ಮಬ್ಬು ಇದೆಯೇ ಎಂದು ಓರೆಯಾಗಿ ಬೆಳಕಿಗೆ ಹಿಡಿದು ನೋಡಿದೆ, ಇರಲಿಲ್ಲ. ಕೂರಿಸಲು ಇರುವುದು ಒಂದೇ ಅವಕಾಶ, ತಾಗಿದ ಮೇಲೆ ಸರಿಸಲಾಗದು. ಶೂ ಒಳಗೆ ಅಕ್ಕಿ ತುಂಬಿದ ಕಾಲುಚೀಲವನ್ನು ಒತ್ತಿ ತುಂಬಿ ಆಕಾರ ಕೊಟ್ಟು, ಮುಂತುದಿಯಿಂದ ಶುರು ಮಾಡಿ ಹಿಮ್ಮಡಿಯ ಕಡೆಗೆ ಗಾಳಿ ಸಿಕ್ಕದಂತೆ ಮಲಗಿಸುತ್ತಾ ಬಂದೆ. ಆಮೇಲೆ ಸುತ್ತಿಗೆಯಿಂದ ಒಂದಿಂಚೂ ಬಿಡದೆ ತಟ್ಟಿದೆ. ಈ ಜಾತಿಯ ಅಂಟಿಗೆ ಎಷ್ಟು ಹೊತ್ತು ಒತ್ತಿದೆವು ಎಂಬುದಕ್ಕಿಂತ ಎಷ್ಟು ಜೋರಾಗಿ ಒತ್ತಿದೆವು ಎಂಬುದು ಮುಖ್ಯ. ಕೊನೆಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಜಗ್ಗಿ ಜಗ್ಗಿ ಸುತ್ತಿದೆ. ಹಗ್ಗ ಒಂದೇ ಗೆರೆಯಲ್ಲಿ ಒತ್ತುತ್ತದೆ, ಟ್ಯೂಬು ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ.

ಶನಿವಾರ ಶಿವಮೊಗ್ಗದಿಂದ ಪಿಯು ಅಂಟು, ಅದರ ಜೊತೆಗೆ ಗಟ್ಟಿಕಾರಕದ ಪುಟ್ಟ ಶೀಶೆ ಬಂತು. ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ, ಬೇಕಾದಷ್ಟನ್ನೇ ಬಾಟಲಿ ಮುಚ್ಚಳದಲ್ಲಿ ಕಲಸಿದೆ. ಕಲಸಿದ್ದು ಉಳಿದರೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ ಹಾಳು. ಕೈಗವಸು ಹಾಕಿಕೊಂಡೆ, ಗಟ್ಟಿಕಾರಕ ಚರ್ಮಕ್ಕೆ ತಗುಲಬಾರದು. ಇದಕ್ಕೂ ಮೊದಲು ಮಗನ ಶೂನಿಂದ ಮೇಣವಾದ ಅಂಟನ್ನೆಲ್ಲ ಕೆರೆದು, ಪಿವಿಸಿಯನ್ನು ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ಸಲ ಬೇಗ ಬೇಗ ಒರೆಸಿದೆ. ಹೊರಗೆ ಬಂದು ಕುಳಿತ ಎಣ್ಣೆಯನ್ನು ಅದು ತೆಗೆಯುತ್ತದೆ. ಆದರೆ ಮೇಲ್ಭಾಗದ ರೆಕ್ಸಿನ್ನಿಗೆ ತಾಗಿದರೆ ಬಣ್ಣವನ್ನೂ ತೆಗೆಯುತ್ತದೆ, ಹಾಗಾಗಿ ಅಂಚಿಗೆ ಟೇಪು ಅಂಟಿಸಿಕೊಂಡೆ.

ಪಿಯು ಅಂಟಿನ ನಡವಳಿಕೆ ಬೇರೆ. ಇಪ್ಪತ್ತು ನಿಮಿಷ ಒಣಗಿದ ಮೇಲೆ ಮುಟ್ಟಿದರೆ ಜಿಗುಟೇ ಇಲ್ಲ, ಬರೀ ಒಂದು ತೆಳುವಾದ ಪೊರೆ. ಮೊದಲ ಸಲ ಬಳಸುವವರು ಅಂಟು ಸತ್ತಿದೆ ಎಂದುಕೊಳ್ಳುತ್ತಾರೆ. ಅದು ಬಿಸಿಗೆ ಕಾಯುತ್ತಿರುತ್ತದೆ. ಕಾರ್ಖಾನೆಗಳಲ್ಲಿ 60ರಿಂದ 70 ಡಿಗ್ರಿಯವರೆಗೆ ಕಾಯಿಸಿ ಒತ್ತುತ್ತಾರೆ. ಮನೆಯಲ್ಲಿ ಕೂದಲು ಒಣಗಿಸುವ ಯಂತ್ರ ಸಾಕು, ಆದರೆ ಪದರ ಪೂರ್ತಿ ಆರಿ, ವಾಸನೆ ಹೋದ ಮೇಲೆಯೇ ಆ ಯಂತ್ರವನ್ನು ಚಾಲೂ ಮಾಡಬೇಕು. ಬಿಟ್ಟ ಬಾಯಿಯೊಳಗೆ ಎರಡು ನಿಮಿಷ ಬಿಸಿಗಾಳಿ ಊದಿದಾಗ ಮಂಕಾಗಿದ್ದ ಪೊರೆ ನಿಧಾನವಾಗಿ ಹೊಳಪೇರಿ ಜಿಗುಟಾಯಿತು. ಆ ಕ್ಷಣಕ್ಕೆ ಮುಚ್ಚಿ, ಕೈಯ ಬಲವೆಲ್ಲ ಹಾಕಿ ಒತ್ತಿ, ಟ್ಯೂಬು ಸುತ್ತಿದೆ. ಎರಡು ದಿನ ಬಿಚ್ಚಲಿಲ್ಲ. "ಅಪ್ಪಾ, ಸೋಮವಾರಕ್ಕೆ ಬೇಕು" ಎಂದು ಮಗ ದಿನಕ್ಕೆ ನಾಲ್ಕು ಸಲ ನೆನಪಿಸಿದ.

ಕಂದು ಶೂಗೆ ಅಂಟು ಹಚ್ಚಲೇ ಇಲ್ಲ. ಅದರ ಅಟ್ಟೆ ಪಿಯು ಫೋಮಿನದು. ಗಾಳಿಯ ತೇವ ವರ್ಷಗಟ್ಟಲೆ ಅದರೊಳಗೆ ಕೆಲಸ ಮಾಡಿ ಸರಪಳಿಯಂತಹ ಅಣುಗಳನ್ನು ತುಂಡರಿಸುತ್ತದೆ. ಮುಟ್ಟದೆ ಡಬ್ಬದಲ್ಲಿ ಇಟ್ಟರೂ ಅದು ನಿಲ್ಲುವುದಿಲ್ಲ, ಮಲೆನಾಡಿನ ತೇವದಲ್ಲಂತೂ ಕೇಳುವುದೇ ಬೇಡ. ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾಗುವ ಅಟ್ಟೆಗೆ ಯಾವ ಅಂಟು ಹಾಕಿದರೂ ಅದು ಪುಡಿಯನ್ನೇ ಹಿಡಿದುಕೊಳ್ಳುತ್ತದೆ. ಮೇಲ್ಭಾಗ ಒಳ್ಳೆಯ ಚರ್ಮ. ಬಸ್ ನಿಲ್ದಾಣದ ಅಣ್ಣನಿಗೆ ಒಯ್ದು ಕೊಟ್ಟೆ. ಅವರು ಪುಡಿಯನ್ನೆಲ್ಲ ಕೆರೆದು, ಹೊಸ ರಬ್ಬರ್ ಅಟ್ಟೆಯನ್ನು ಸಲ್ಯೂಷನ್ ಹಚ್ಚಿ ಕೂರಿಸಿ, ಮೇಣ ಸವರಿದ ನೂಲಿನಿಂದ ಸುತ್ತಲೂ ಹೊಲಿದರು. ಅವರ ಕೈ ನೋಡುತ್ತಾ ಕುಳಿತಾಗ ನಮ್ಮ ತಂದೆ ಹಾಕುತ್ತಿದ್ದ ಅಥಣಿಯ ಚಪ್ಪಲಿ ನೆನಪಾಯಿತು. ಅಲ್ಲಿನ ಸಾಂಪ್ರದಾಯಿಕ ಕೊಲ್ಹಾಪುರಿ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿದು ಕಟ್ಟುತ್ತಾರೆ. ಈ ಕಂದು ಶೂ ಇನ್ನು ಡಬ್ಬದಲ್ಲಿ ಇರುವುದಿಲ್ಲ, ವಾರಕ್ಕೊಮ್ಮೆಯಾದರೂ ಹಾಕಿಕೊಂಡು ಶಾಲೆಗೆ ಹೋಗುತ್ತೇನೆ.

ಆಗಸ್ಟ್ 16. ನಿನ್ನೆ ಧ್ವಜಾರೋಹಣದ ಮೈದಾನದಲ್ಲಿ ಮಕ್ಕಳು ಕೆಸರಿನಲ್ಲೇ ಪಥಸಂಚಲನ ಮಾಡಿದರು. ಮನೆಗೆ ಬಂದ ಮೇಲೆ ಮಗನ ಶೂ ತೊಳೆದು, ಒಳಗೆ ಪತ್ರಿಕೆ ತುಂಬಿ ಫ್ಯಾನಿನ ಕೆಳಗೆ ಒಣಗಿಸಿದೆ. ಒಲೆಯ ಹತ್ತಿರ ಇಡಲಿಲ್ಲ, ಬಿಸಿಗೆ ಹಿಡಿದ ಅಂಟು ಬಿಸಿಗೇ ಬಿಡಬಹುದು. ಇವತ್ತು ಬೆಳಿಗ್ಗೆ ನೋಟ್‌ಬುಕ್ಕಿನ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ, ಅಟ್ಟೆಯ ಅಂಚಿನುದ್ದಕ್ಕೂ ಆಡಿಸಿ ನೋಡಿದೆ. ಮುಂತುದಿಯಲ್ಲಿ ಎಲ್ಲೂ ಹಾಳೆ ಒಳಗೆ ಹೋಗಲಿಲ್ಲ, ಉಗುರಿಗೂ ಮೇಣ ಹತ್ತಲಿಲ್ಲ. ಚಾರಣದ ಶೂನಲ್ಲಿ ಎಡ ಹಿಮ್ಮಡಿಯ ಹೊರ ಮೂಲೆಗೆ ಮಾತ್ರ ಹಾಳೆ 3 ಮಿಲಿಮೀಟರಿನಷ್ಟು ಇಳಿಯಿತು. ಗುರುವಾರ ಮಬ್ಬು ಕವಿದಿದ್ದ ಅಂಟನ್ನು ಆ ಮೂಲೆಯಿಂದ ಸರಿಯಾಗಿ ಕೆರೆದಿರಲಿಲ್ಲವೆಂದು ತೋರುತ್ತದೆ. ಮೂಲೆಯನ್ನು ಬ್ಲೇಡಿನಿಂದ ಇನ್ನಷ್ಟು ಬಿಡಿಸಿ, ಸ್ಯಾಂಡ್ ಪೇಪರನ್ನು ಎರಡಾಗಿ ಮಡಚಿ ಒಳಗೆ ತೂರಿಸಿ ಉಜ್ಜಿಟ್ಟಿದ್ದೇನೆ. ಮಳೆ ಎರಡು ದಿನ ಬಿಡುವು ಕೊಟ್ಟರೆ ಈ ಭಾನುವಾರ ಅಂಟು ಹಚ್ಚುತ್ತೇನೆ.